ಬೆಲೆ ಏರಿಸಿದ ಗುರವ್ವ

ಸಾವಿರದ ಒಂಬೈನೂರ ತೊಂಬತ್ತೆಂಟರ ದೀಪಾವಳಿಯ ಹೊತ್ತಿಗೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತುಟ್ಟಿಯಾದದ್ದಕ್ಕೆ ಮುನವಳ್ಳಿಯಲ್ಲಿ ಖಾನಾವಳಿ ನಡೆಸುವ ಗುರವ್ವಳೇ ಕಾರಣ ಎಂಬುದು ಅಧಿಕೃತವಾಗಿ ಸಾಬೀತಾಗಿದೆ. ಸಾಬೀತು ಮಾಡಿದ ಸರ್ವಪಕ್ಷ ಬೆಲೆಯೇರಿಕೆ ಹೊಣೆ ನಿಗದಿ ಸಮಿತಿಗೆ ನಾನೇ ಕಾರ್ಯದರ್ಶಿ. ಕಟ್ಟಿಯ ಮೇಲೆ ಕೂತು ಬಾಯಿಗೆ ಬಂದದ್ದು ಮಾತಾಡುವವರನ್ನು ಸಾರ್ವಜನಿಕರು ನಂಬಬಾರದಾಗಿ ಕೋರುತ್ತೇನೆ. ಅವರಿಗೇನು, ಹೊತ್ತು ಹೋಗಬೇಕು.

ಸಮಿತಿಯಲ್ಲಿ ಇಬ್ಬರು ಮುಖಂಡರಿದ್ದರು. ದಿಲ್ಲಿಯಲ್ಲಿ ಆಳುವ ಪಕ್ಷದ ಪರವಾಗಿ ಅಂದಾನೆಪ್ಪ. ಅವರಿಗೆ ಗೋದಾಮು ಇದೆ. ಬೆಂಗಳೂರಿನಲ್ಲಿ ಆಳುವ ಪಕ್ಷದ ಪರವಾಗಿ ದುಂಡಪ್ಪ, ಅವರಿಗೆ ಲಾರಿಗಳಿವೆ. ನಿವೃತ್ತ ವಕೀಲರಾದ ತ್ರ್ಯಂಬಕರಾಯರು ಉಳ್ಳಾಗಡ್ಡಿಯನ್ನೇ ತಿನ್ನದವರಾದ್ದರಿಂದ, ನಿಷ್ಪಕ್ಷಪಾತಿಗಳೆಂದು ಅವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು.

ಮೊದಲ ಸಭೆ ಅಂದಾನೆಪ್ಪನವರ ಗೋದಾಮಿನಲ್ಲಿ ಜರುಗಿತು. ಕುರ್ಚಿಗಳು ಸಾಲದ್ದರಿಂದ ಸದಸ್ಯರು ಅಲ್ಲಿದ್ದ ಚೀಲಗಳ ಮೇಲೆ ಕುಳಿತರು. ಉಳಿದ ಚೀಲಗಳು ಮಾಳಿಗೆಯ ತೊಲೆ ಮುಟ್ಟಿದ್ದವು. ಅವುಗಳಲ್ಲಿ ಏನಿದೆ ಎಂಬ ವಿಷಯ ಕಾರ್ಯಸೂಚಿಯಲ್ಲಿ ಇರಲಿಲ್ಲ. ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು ಬಂತು. ಬಡವರ ಕಷ್ಟ ನೆನೆದು ಸದಸ್ಯರು ಗದ್ಗದಿತರಾದರೆಂದು ನಾನು ಬರೆದುಕೊಂಡೆ.

"ದಿಲ್ಲ್ಯಾಗ ಉಳ್ಳಾಗಡ್ಡಿ ಬೆಳೀತಾರೇನೋ ದುಂಡಪ್ಪ? ಬೆಳೆಯೋದು ಈ ರಾಜ್ಯದಾಗ. ಅಂದಮ್ಯಾಲ ತಪ್ಪು ಬೆಂಗಳೂರಿಂದು," ಎಂದರು ಅಂದಾನೆಪ್ಪ.

"ಮಳಿ ಹೆಚ್ಚಾಗಿ ಬೆಳಿ ಕೊಳೀತು. ದೇಶದ ತುಂಬ ಆದ ಮಳಿಗೆ ದಿಲ್ಲಿನ ಜವಾಬ್ದಾರಿ," ಎಂದರು ದುಂಡಪ್ಪ.

"ಮಳಿ ನಾವು ತರಿಸೇವೇನು?"

"ಮತ್ತ ನಮ್ಮ ಸರಕಾರ ಬಂತು, ಮಳಿ ಬಂತು ಅಂತ ಬಸ್‌ಸ್ಟ್ಯಾಂಡಿನ್ಯಾಗ ಭಾಷಣಾ ಹೊಡದಾವ ಯಾರು, ನಮ್ಮಪ್ಪನೇನು?"

ಇಬ್ಬರೂ ಎದ್ದು ತೋಳೇರಿಸಿದರು. ಅಧ್ಯಕ್ಷರು ಗಡಿಯಾರ ನೋಡಿ, "ಮೊದಲ ಊಟಾ ಮಾಡೋಣ್ರಿ. ನನಗ ಶುಗರ್ ಅದ," ಎಂದು ಸಭೆಯನ್ನು ಗುರವ್ವಳ ಖಾನಾವಳಿಗೆ ಸ್ಥಳಾಂತರಿಸಿದರು.

ನಮ್ಮ ಕಡೆ ಖಾನಾವಳಿಯಲ್ಲಿ ರೊಟ್ಟಿಯ ಜೋಡಿ ಹಸಿ ಉಳ್ಳಾಗಡ್ಡಿ ಇಡುವುದು ಪದ್ಧತಿ. ಯಾರೂ ಕೇಳುವುದಿಲ್ಲ, ಅದಕ್ಕೆ ಬೇರೆ ದುಡ್ಡೂ ಇಲ್ಲ. ಉಣ್ಣುವವನು ಅದನ್ನು ಮುಷ್ಟಿಯಿಂದ ಗುದ್ದಿ ಒಡೆದು ತಿನ್ನಬೇಕು. ಚಾಕುವಿನಿಂದ ಹೆಚ್ಚಿದರೆ ಪರವೂರಿನವನೆಂದು ತಿಳಿಯುತ್ತಾರೆ. ಅಂದಾನೆಪ್ಪನವರು ದುಂಡಪ್ಪನವರ ಮುಖವನ್ನೇ ನೋಡುತ್ತ, ರೂಢಿಯಂತೆ ಮುಷ್ಟಿ ಎತ್ತಿ ತಾಟಿಗೆ ಗುದ್ದಿದರು. ಅಲ್ಲಿ ಉಳ್ಳಾಗಡ್ಡಿ ಇರಲಿಲ್ಲ. ಎಣಗಾಯಿ ಪಲ್ಯದ ರಸ ದುಂಡಪ್ಪನವರ ಬಿಳಿ ಅಂಗಿಗೆ ಹಾರಿತು. ಬೆಲೆ ಏರಿದ್ದು ಸಮಿತಿಯ ಗಮನಕ್ಕೆ ನಿಜವಾಗಿ ಬಂದದ್ದು ಆ ಕ್ಷಣದಲ್ಲಿ.

"ಏ ಗುರವ್ವಾ, ಉಳ್ಳಾಗಡ್ಡಿ ಎಲ್ಲೈತಿ?"

"ನಿಮ್ಮ ಗೋದಾಮಿನ್ಯಾಗ ಐತ್ರಿ ಯಣ್ಣಾ," ಎಂದಳು ಗುರವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಕಿಲೋಕ್ಕ ಮೂವತ್ತು ಅಂತಾರ ನಿಮ್ಮ ಹುಡುಗೂರು. ಉಳ್ಳಾಗಡ್ಡಿ ಇಡಬೇಕಂದ್ರ ಊಟಕ್ಕ ಎರಡು ರೂಪಾಯಿ ಏರಿಸಬೇಕಾಗತೈತಿ ನೋಡ್ರಿ."

ಅಧ್ಯಕ್ಷರು ತುತ್ತನ್ನು ಕೆಳಗಿಟ್ಟರು.

"ಬರಕೊಳ್ರಿ," ಎಂದರು ನನಗೆ. "ದಿಲ್ಲಿಯವರು ಬೆಲೆ ಇಳೀತದ ಅಂದಾರ. ಬೆಂಗಳೂರಿನವರೂ ಇಳೀತದ ಅಂದಾರ. ಏರಿಸಬೇಕು ಅಂತ ಬಾಯಿಬಿಟ್ಟು ಅಂದಾಕಿ ಈಕಿ ಒಬ್ಬಾಕಿನ."

ಅಂದಾನೆಪ್ಪ ಮತ್ತು ದುಂಡಪ್ಪ ಒಬ್ಬರನ್ನೊಬ್ಬರು ನೋಡಿದರು. ಹದಿನೈದು ವರ್ಷದ ರಾಜಕೀಯ ವೈರ ಅಲ್ಲಿಯೇ ಕರಗಿತು. ಅಂದಾನೆಪ್ಪನವರು ತಮ್ಮ ಕರ್ಚೀಫಿನಿಂದ ದುಂಡಪ್ಪನವರ ಅಂಗಿ ಒರೆಸಿದರು. ಇದನ್ನೂ ನಾನು ಬರೆದುಕೊಂಡೆ.

ತಕ್ಷಣ ಪಂಚನಾಮೆ ಮಾಡಲಾಯಿತು. "ಸದರಿ ತಾಟಿನಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು ಕಂಡುಬಂದಿದ್ದು, ಉಳ್ಳಾಗಡ್ಡಿ ಕಂಡುಬಂದಿರುವುದಿಲ್ಲ." ಸಹಿ ಮಾಡುವಷ್ಟರಲ್ಲಿ ಪಂಚರು ಸಾಕ್ಷ್ಯವನ್ನು ಉಂಡು ಮುಗಿಸಿದ್ದರಿಂದ ಇನ್ನೊಂದು ತಾಟು ತರಿಸಬೇಕಾಯಿತು. ಅದೂ ಹಾಗೇ ಆಯಿತು. ಸಾಕ್ಷ್ಯಕ್ಕೆ ದುಡ್ಡು ಕೊಡುವ ಪದ್ಧತಿ ಇಲ್ಲ.

ಆದೇಶ ಹೀಗಿತ್ತು: ಬೆಲೆ ಇಳಿಯುವವರೆಗೆ ಖಾನಾವಳಿಗೆ ಕೀಲಿ ಹಾಕತಕ್ಕದ್ದು. ಗಂಡ ತೀರಿದ ಮೇಲೆ ಗುರವ್ವ ಆ ಒಂದು ಒಲೆಯ ಮೇಲೆಯೇ ಮನೆ ನಡೆಸಿದವಳು. "ಬಾಗಲಾ ಹಾಕಿದ್ರ ನಾ ಏನ್ ತಿನ್ನಲ್ರೋ ಯಪ್ಪಾ?" ಎಂದು ಕೇಳಿದಳು. ಬೆಲೆ ಏರಿಸುವ ಮುಂಚೆ ಇದನ್ನು ಯೋಚಿಸಬೇಕಿತ್ತು ಎಂದು ಸಮಿತಿ ಅಭಿಪ್ರಾಯಪಟ್ಟಿತು.

ಮತ್ತೆ ಗೋದಾಮಿನಲ್ಲೇ ಸೇರಿದ ಮುಂದಿನ ಸಭೆಗೆ ಆಕೆ ಕರೆಯದೇ ಬಂದಳು. ಹಿಂದೆ ಓಣಿಯ ಹೆಂಗಸರು ಚೀಲ ಹಿಡಿದು ನಿಂತಿದ್ದರು.

"ಉಳ್ಳಾಗಡ್ಡಿ ಏರಿಸಿದಾಕಿ ನಾನ ಅಂತ ನೀವ ಬರದೀರಿ, ಹೌದಿಲ್ರಿ?"

"ಹೌದು," ಎಂದರು ಅಧ್ಯಕ್ಷರು.

"ಏರಿಸಿದಾಕಿ ನಾನ ಅಂದಮ್ಯಾಲ ಇಳಸಾಕೂ ಬರತೈತಿ. ಇಳಿಸೇನಿ. ಇವತ್ತಿನಿಂದ ಕಿಲೋಕ್ಕ ಮೂರು ರೂಪಾಯಿ. ಅಂದಾನೆಪ್ಪಣ್ಣಾ, ಚೀಲದ ಮ್ಯಾಲಿಂದ ಏಳ್ರಿ."

ಅಂದಾನೆಪ್ಪನವರು ಏಳಲಿಲ್ಲ. ಚೀಲವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು. ದುಂಡಪ್ಪನವರು ಓಡಿ ಹೋಗಿ ಬಾಗಿಲಿಗೆ ಅಡ್ಡ ನಿಂತರು. ತ್ರ್ಯಂಬಕರಾಯರು ಕಣ್ಣು ಮುಚ್ಚಿ ಯೋಚಿಸಿ ನಿಯಮವನ್ನು ಕಂಡುಹಿಡಿದರು: ಏರಿಕೆಯ ಹೊಣೆ ಗುರವ್ವಳದು, ಇಳಿಕೆಯ ಅಧಿಕಾರ ಸರಕಾರದ್ದು. ಯಾವ ಸರಕಾರದ್ದು ಎಂಬ ಬಗ್ಗೆ ಇಬ್ಬರು ಮುಖಂಡರಲ್ಲಿ ಚರ್ಚೆ ಮುಂದುವರಿದಿದೆ.

ಹೆಂಗಸರು ಖಾಲಿ ಚೀಲ ಹಿಡಿದು ಹೊರಬಂದರು. ಬರುವಾಗ ಒಬ್ಬಾಕೆ ಗುರವ್ವಳಿಗೇ ಅಂದಳು: "ಏರಿಸೂ ಮುಂದ ನಮ್ಮನ್ನೊಂದು ಮಾತು ಕೇಳಬಾರದೇನ ಯವ್ವಾ?"

ಹೊಸ ಬೆಳೆ ಬಂದು ಉಳ್ಳಾಗಡ್ಡಿ ನಾಲ್ಕು ರೂಪಾಯಿಗೆ ಬಿತ್ತು. ಆದರೆ ಬೆಲೆ ಇಳಿಯುವುದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅದನ್ನು ಗಮನಿಸಲಾಗಲಿಲ್ಲ. ಖಾನಾವಳಿಯ ಕೀಲಿಗೆ ಈಗ ಜಂಗು ಹಿಡಿದಿದೆ. ಗುರವ್ವ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಾಳೆ. ವರ್ಷಗಳು ಕಳೆದವು, ದಿಲ್ಲಿಯಲ್ಲಿ, ಬೆಂಗಳೂರಿನಲ್ಲಿ ಪಕ್ಷಗಳು ಬದಲಾದವು. ಆಕೆ ಮಾತ್ರ ಬದಲಾಗಲಿಲ್ಲ. ಸಕ್ಕರೆ ಏರಲಿ, ಬಸ್ಸಿನ ಟಿಕೆಟ್ ಏರಲಿ, ಜನ ನೇರ ಆಕೆಯ ಮನೆಗೆ ಹೋಗಿ ಬೈದು, ಹಗುರಾಗಿ ಬರುತ್ತಾರೆ. ಪಕ್ಕದ ಮುರಗೋಡದಿಂದಲೂ ಬರುತ್ತಾರೆ. ಅಲ್ಲಿ ಇಂಥ ಅನುಕೂಲವಿಲ್ಲ.

ಮೊನ್ನೆ ಡೀಸೆಲ್ ಏರಿದಾಗ ಕಾರ್ಯದರ್ಶಿಯಾಗಿ ನಾನೂ ಹೋದೆ.

"ಗುರವ್ವಕ್ಕಾ, ಮತ್ತ ಡೀಸೆಲ್ ಏರಿಸೀಯಲ್ಲ?"

"ಹೌದೇನ್ರಿ? ಯಾವಾಗ?"

"ನಿನ್ನಿ ರಾತ್ರಿ."

"ಅಯ್ಯ, ನಿನ್ನಿ ಲಗೂನ ಮಲಗಿದ್ನೆಲ್ರಿ. ನಿದ್ದಿಗಣ್ಣಾಗ ಏರಿಸಿರಬೇಕು, ತಪ್ಪಾತ್ರಿ," ಎಂದು ಬಿಸಿ ರೊಟ್ಟಿ ತಂದಿಟ್ಟಳು. ಪಕ್ಕದಲ್ಲಿ ಒಂದು ಉಳ್ಳಾಗಡ್ಡಿ ಇಟ್ಟು ತಾನೇ ಗುದ್ದಿ ಒಡೆದಳು. ಉಂಡ ಮೇಲೆ ಬೈಯುವುದು ನನಗೆ ಬಹಳ ಕಷ್ಟವಾಯಿತು, ನಾಚಿಕೆಯೂ ಆಯಿತು. ಆದರೂ ಬೈದೆ.

"ಇಷ್ಟೆಲ್ಲಾ ಏರಿಸೇನಿ," ಎಂದಳು ಗುರವ್ವ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ. "ನನ್ನ ರೊಟ್ಟಿಗೊಂದು ನಾಕಾಣೆ ಏರಿಸ್ಲೇನ್ರಿ?"

ಆ ಅರ್ಜಿ ಸಮಿತಿಯ ಮುಂದೆ ಇದೆಯೆಂದೂ, ದೇಶದ ಇಂದಿನ ಪರಿಸ್ಥಿತಿಯಲ್ಲಿ ಎರಡೂ ಪಕ್ಷದವರು ಅದನ್ನು ಬಲವಾಗಿ ವಿರೋಧಿಸಿದ್ದಾರೆಂದೂ ತಿಳಿಸಿದೆ. "ಖರೇನ ಅದು," ಎಂದಳು ಆಕೆ. ಹಳೆಯ ದರದಲ್ಲೇ ಹತ್ತು ರೊಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆ.