ನನ್ನ ಎಂಟು ಸೆಂಟಿಮೀಟರ್ ಬಲ

ಹಿತ್ತಲಿನ ಸುಳಿ ಸತ್ತ ತೆಂಗಿನ ಮರವನ್ನು ನಾನು ಬೆರಳಿಟ್ಟು ತೋರಿಸಿದ ಜಾಗಕ್ಕೇ ಬೀಳಿಸುತ್ತೇನೆ, ಗೇಣು ಆಚೆಯಿಲ್ಲ, ಗೇಣು ಈಚೆಯಿಲ್ಲ ಎಂದು ಶನಿವಾರ ಸಂಜೆ ಹೆಂಡತಿ ಇಂದುವಿನೆದುರು ಘೋಷಿಸಿದೆ! ಅರಸೀಕೆರೆಯ ಕಚೇರಿಯಲ್ಲಿ ಕಡತವನ್ನು ಈ ಮೇಜಿನಿಂದ ಆ ಮೇಜಿಗೆ ಸರಿಸಿದ್ದೇ ನನ್ನ ಭುಜಬಲದ ಈವರೆಗಿನ ಸಾಧನೆ. ಆದರೂ ಈ ವೀರಾವೇಶಕ್ಕೆ ಕಾರಣವಿತ್ತು. ಕಾರಣದ ಹೆಸರು ಶಶಿಕಿರಣ್.

ನನ್ನವಳು ಗಣಿತ ಹೇಳಿಕೊಡುವ ಕಾಲೇಜಿಗೆ ಹೊಸದಾಗಿ ಬಂದ ಭೌತಶಾಸ್ತ್ರದ ಮೇಷ್ಟ್ರು ಅವನು. ಹಳೇಬೀಡಿನವನು. ದ್ವಾರಪಾಲಕನ ವಿಗ್ರಹವೊಂದು ಪ್ಯಾಂಟು ಹಾಕಿಕೊಂಡು ಬಸ್ಸು ಹತ್ತಿದಂತಿದ್ದಾನೆ!

"ಶಶಿಕಿರಣ್ ಸರ್ ಎರಡು ಬಲ ಕೂಡಿಸೋದನ್ನ ಎಷ್ಟು ಚೆನ್ನಾಗಿ ತೋರಿಸಿದ್ರು ಗೊತ್ತೇನ್ರೀ? ಬಲ ಎಷ್ಟೋ ಬಾಣ ಅಷ್ಟುದ್ದ. ಮೊದಲನೇ ಬಾಣದ ತುದಿಗೆ ಎರಡನೇದರ ಬಾಲ ಇಡೋದು. ಹೊರಟ ಜಾಗದಿಂದ ಕೊನೇ ತುದಿಗೆ ಗೆರೆ ಎಳೆದ್ರೆ, ವಸ್ತು ಆ ಕಡೆಗೇ ಹೋಗುತ್ತೆ! ನಾಳೆ ಮರದ ಹಗ್ಗ ಎಳೆಯೋಕೆ ಅವರನ್ನೇ ಕರೆದಿದೀನಿ."

"ಇಷ್ಟೇನಾ? ನಕ್ಷೆ ನಾನು ಬರೀತೀನಿ!"

ಗ್ರಾಫ್ ಹಾಳೆ ಹಾಸಿದೆ. ನನ್ನ ಬಾಣ, ಸಂಕೋಚ ಬಿಟ್ಟು, ಎಂಟು ಸೆಂಟಿಮೀಟರ್. ಆತ್ಮಸಾಕ್ಷಿ ಅವನಿಗೂ ಎಂಟೇ ಎಂದಿತು. ಅಳಿಸಿ ಐದು ಮಾಡಿದೆ. ಹೆಂಡತಿ ಅವನಿಗೆಂದು ಡಬ್ಬಿಗೆ ತುಂಬಿದ್ದ ಚಿತ್ರಾನ್ನ ನೆನಪಾಯಿತು. ಅಳಿಸಿ ಎರಡು ಮಾಡಿದೆ. ಚಾಕ್‌ಪೀಸ್ ಹಿಡಿಯುವ ಕೈಗೆ ಅಷ್ಟು ಧಾರಾಳ!

ಲೆಕ್ಕದಂತೆ ನನ್ನ ಹಗ್ಗ ಖಾಲಿ ಜಾಗದತ್ತ; ಅವನದು ಪಕ್ಕಕ್ಕೆ, ಹೆಂಡತಿ ಹಟ ಹಿಡಿದು ಕಟ್ಟಿಸಿದ ಹೊಸ ಬಚ್ಚಲುಮನೆಯತ್ತ. ಎರಡು ಸೆಂಟಿಮೀಟರಿನ ಮನುಷ್ಯ ಮರವನ್ನು ಎಷ್ಟು ತಾನೆ ವಾಲಿಸಿಯಾನು?

ಬೆಳಿಗ್ಗೆ ಮರ ಕಡಿಯುವ ಕೆಂಚಯ್ಯ ಹಾಳೆ ನೋಡಿ ತಲೆ ಕೆರೆದುಕೊಂಡ. "ಧರ್ಮಣ್ಣ, ಇಬ್ರೂ ಖಾಲಿ ಜಾಗದ್ ಕಡೀಕೇ ನಿಂತು ಎಳುದ್ರೆ ಆಗಾಕಿಲ್ವಾ?"

"ಅದು ವಿಜ್ಞಾನ ಅಲ್ಲ ಕೆಂಚಯ್ಯ!"

"ವಿಜ್ಞಾನ ಅಲ್ದಿದ್ರೂ ಬಚ್ಲುಮನೆ ಉಳೀತೈತೆ."

ಶಶಿಕಿರಣ್ ಹಾಳೆಯಲ್ಲಿ ತನ್ನ ಬಾಣವನ್ನು ಹುಡುಕಿ, ಕಂಡು, ಮುಗುಳ್ನಕ್ಕು ಹಗ್ಗ ಹಿಡಿದ.

ಕೊಡಲಿ ಏಟಿಗೆ ಬುಡ ಕರಕರ ಎಂದಿತು. "ಎಳೀರಿ!" ಎಂದು ಕೆಂಚಯ್ಯ ಕೂಗಿದ. ನಾನಿನ್ನೂ ಉಸಿರು ಬಿಗಿಹಿಡಿಯುತ್ತಿದ್ದೆ. ಅಷ್ಟರಲ್ಲಿ ಇಂದುವಿನ ದನಿ: "ಸರ್, ಕೈ ಹುಷಾರು! ಹಗ್ಗ ತರಚುತ್ತೆ!"

ಸರ್ ಕೈ! ಗಂಡನ ಕೈಯೇನು ತೆಂಗಿನ ನಾರಿನದೇ? ಹಗ್ಗ ಸಡಿಲ ಬಿಟ್ಟು ಅವಳತ್ತ ತಿರುಗಿ ದುರುಗುಟ್ಟಿದೆ.

ಧಡಾರ್!

ಧೂಳು ಇಳಿದಾಗ ಮರದ ತಲೆ ಬಚ್ಚಲುಮನೆಯ ಶೀಟು ಮುರಿದುಕೊಂಡು ನೇರ ಹಂಡೆಗೇ ಇಳಿದಿತ್ತು.

"ಎಲ್ಲಾ ಇವರಿಂದ! ಲೆಕ್ಕ ಮೀರಿ ಎಳೆದ್ರು!" ಎಂದು ಅರಚಿದೆ.

"ಇಲ್ಲ ಸಾರ್," ಎಂದ ಶಶಿಕಿರಣ್ ವಿನಯದಿಂದ. "ನಕ್ಷೇಲಿ ನಾನು ಎರಡೇ ಸೆಂಟಿಮೀಟರ್ ಇದ್ದೆನಲ್ಲ, ಅದಕ್ಕೇ ಒಂದೇ ಕೈಯಲ್ಲಿ ಎಳೆದೆ."

ಇಂದು ಹಾಳೆ ಕಿತ್ತುಕೊಂಡಳು. ರಬ್ಬರ್ ಉಜ್ಜಿ ಉಜ್ಜಿ ತೂತು ಬಿದ್ದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಸರ್ ಬಾಣ ಎರಡೇ ಇರ್ಲಿ, ಬದಲಾಯಿಸೋದು ಬೇಡ. ಮರ ಸರಿಯಾಗಿ ಅವರ ಹಗ್ಗದ ನೇರಕ್ಕೇ ಬಿದ್ದಿದೆ. ಹಾಗಾದ್ರೆ ನಿಮ್ಮದೆಷ್ಟುದ್ದ, ನೀವೇ ಹೇಳ್ರೀ!"

ನಾನು ಬಾಯಿ ತೆರೆಯುವ ಮೊದಲೇ ನನ್ನ ಎಂಟೂ ಸೆಂಟಿಮೀಟರನ್ನು ಅಳಿಸಿ, ಪೆನ್ಸಿಲ್ ಚೂಪು ಮಾಡಿ, ಅಲ್ಲೊಂದು ಚುಕ್ಕೆ ಇಟ್ಟಳು.