ಹರಿದ ಲಿಗಮೆಂಟೂ ಕೂತು ಹೇಳಲಾಗದ ಕಥೆಯೂ

ತಾನು ಬಿದ್ದ ಕಥೆಯನ್ನು ಕೂತಲ್ಲೇ ಹೇಳಿ ಮುಗಿಸುವ ಸಂಯಮ ಎಲ್ಲರಿಗೂ ಇರುವುದಿಲ್ಲ. ನನಗಂತೂ ಇಲ್ಲ. "ಹೇಗಾಯ್ತು ಮಾರಾಯ್ರೆ?" ಎಂದು ಯಾರಾದರೂ ಕೇಳಿದರೆ ಸಾಕು, ಬಾಯಿಗಿಂತ ಮೊದಲು ಕೈಕಾಲು ಉತ್ತರ ಕೊಡಲು ಹೊರಡುತ್ತವೆ.

ಸುಳ್ಯದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ವರ್ತಕರ ಹಗ್ಗಜಗ್ಗಾಟದಲ್ಲಿ ನಮ್ಮ ತಂಡದವರು ನನ್ನ ವಯಸ್ಸನ್ನು ಮರೆತು ತೂಕವನ್ನಷ್ಟೇ ಗೌರವಿಸಿ ಹಗ್ಗದ ತುದಿಗೆ ನಿಲ್ಲಿಸಿದರು. ಎಡ ಮೊಣಕಾಲು ಹೊರಳಿತು, ಒಳಗೆ ಏನೋ ಟಪ್ ಎಂದಿತು. ಸ್ಕ್ಯಾನಿನಲ್ಲಿ ನೋಡಿದರೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಪೂರ್ತಿ ಹರಿದಿದೆ. ನಾಳೆಯೇ ಆಪರೇಷನ್ ಮಾಡಿಬಿಡಿ ಎಂದೆ. ಪುತ್ತೂರಿನ ಡಾಕ್ಟರು ಒಪ್ಪಲಿಲ್ಲ. "ಅವಸರ ಮಾಡುದು ಬೇಡ. ಮೊದಲು ಮೊಣಗಂಟಿನ ನೀರು ಇಳಿಯಲಿ, ಕಾಲು ಪೂರ್ತಿ ನೆಟ್ಟಗಾಗಲಿ, ಸರಿಯಾಗಿ ಮಡಚಲಿ. ಊದಿದ ಗಂಟನ್ನು ಈಗ ಕೊಯ್ದರೆ ಅದು ಮತ್ತೆ ಮಡಚದೆ ಬಿಗಿದುಕೊಳ್ಳುವ ಭಯ ಉಂಟು. ಹಾಗಂತ ತಿಂಗಳುಗಟ್ಟಲೆ ಬಿಡ್ಲಿಕ್ಕೂ ಇಲ್ಲ. ಪುನಃ ಹೊರಳಿದರೆ ಮೂಳೆಗಳ ನಡುವಿನ ಮೆತ್ತೆಯೂ ಹರಿದೀತು."

ಕುರ್ಚಿಯಲ್ಲಿ ಕೂತು ನಮಾಜ್ ಮಾಡತೊಡಗಿದೆ. ಮೊಣಕಾಲೂರಿ ಹಣೆಯನ್ನು ನೆಲಕ್ಕೆ ತಾಗಿಸುವುದು ಇನ್ನು ಜೀವಮಾನದಲ್ಲಿ ಉಂಟೋ ಇಲ್ಲವೋ ಎಂದು ನಿಜಕ್ಕೂ ಹೆದರಿದ್ದೆ. ಹೆಂಡತಿ ಝುಬೈದಾ ಐಸ್ ಇಟ್ಟಳು, ವ್ಯಾಯಾಮ ಮಾಡಿಸಿದಳು, ದಿನಾ ಸಂಜೆ ನನ್ನನ್ನು ಮಲಗಿಸಿ ಮೊಣಕಾಲಿನಡಿ ಅಂಗೈ ತೂರಿಸಿ ನೋಡಿದಳು. ಅಂಗೈ ಒಳಗೆ ಹೋದರೆ ಕಾಲು ಇನ್ನೂ ನೆಟ್ಟಗಾಗಿಲ್ಲ ಎಂದರ್ಥ. ಕೊನೆಗೊಂದು ಸಂಜೆ ಅವಳ ಬೆರಳೂ ತೂರಲಿಲ್ಲ. ಊತವೂ ಇಳಿದಿತ್ತು. ಬೆಳಿಗ್ಗೆಯೇ ಹೋಗಿ ಆಪರೇಷನ್ನಿಗೆ ದಿನ ಗೊತ್ತುಮಾಡುವುದೆಂದಾಯಿತು.

ಅಷ್ಟರಲ್ಲಿ ಐವರ್ನಾಡಿನ ಕುಶಾಲಪ್ಪಣ್ಣ ಮೂಸಂಬಿ ಹಿಡಿದುಕೊಂಡು ನನ್ನನ್ನು ನೋಡಲು ಬಂದರು. ಎದುರು ತಂಡದಲ್ಲಿ ಹಗ್ಗದ ಆ ತುದಿಯಲ್ಲಿದ್ದವರು ಅವರೇ. ನಮ್ಮಲ್ಲಿ ಬಿದ್ದವನನ್ನು ನೋಡಲು ಬೀಳಿಸಿದವರೂ ಬರಲೇಬೇಕು.

"ನಾವು ಎಳೆದದ್ದಕ್ಕೆ ಅಲ್ಲ ಹಮೀದಣ್ಣ, ನಿಮ್ಮ ಕಾಲು ಮೊದಲೇ ಜಾರಿತ್ತು," ಎಂದರು.

ಅಷ್ಟು ದಿನ ನೋವು ಸಹಿಸಿದವನಿಗೆ ಈ ಮಾತು ಸಹಿಸಲಾಗಲಿಲ್ಲ. ಎದ್ದು ಹೆಗಲ ಮೇಲಿದ್ದ ಬೈರಾಸನ್ನು ಕಿಟಕಿಯ ಸರಳಿಗೆ ಸುತ್ತಿ, ಎರಡೂ ತುದಿ ಹಿಡಿದು, "ನೋಡಿ, ನಾನು ನಿಂತದ್ದು ಹೀಗೆ," ಎಂದು ಹಿಂದಕ್ಕೆ ವಾಲಿದೆ. ಮೊಣಕಾಲು ಹೊರಳಿತು. ಝುಬೈದಾ ಅಡುಗೆಮನೆಯಿಂದ ಓಡಿಬರುವಾಗ ನಾನು ಕುಶಾಲಪ್ಪಣ್ಣನ ತೋಳಿನಲ್ಲಿದ್ದೆ. ಅವಳು ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಬೆಳಿಗ್ಗೆ ಡಾಕ್ಟರು ಊದಿದ ಗಂಟನ್ನು ಒತ್ತಿದರು, ತಿರುಗಿಸಿದರು.

"ಮೆತ್ತೆಗೆ ಏನೂ ಆದ ಹಾಗೆ ಕಾಣುದಿಲ್ಲ. ಆದರೆ ನೀರು ತುಂಬಿದೆ. ಆಪರೇಷನ್ ಈಗ ಇಲ್ಲ. ಪುನಃ ಮೊದಲಿಂದ ಐಸು, ವ್ಯಾಯಾಮ," ಎಂದರು. ಮತ್ತೆ ಕನ್ನಡಕ ತೆಗೆದಿಟ್ಟು ಕೇಳಿದರು, "ಅಲ್ಲ, ಇದು ಹೇಗಾಯ್ತು ಮಾರಾಯ್ರೆ?"

ನಾನು ಮೇಜು ಹಿಡಿದು ಏಳಹೊರಟೆ. ಝುಬೈದಾ ಭುಜ ಅದುಮಿದಳು. "ಕೂತುಕೊಂಡೇ ಹೇಳಿ."

ಕೂತು ಹೇಳಿದರೆ ಇಡೀ ಕಥೆ ಒಂದೇ ಮಾತಿನಲ್ಲಿ ಮುಗಿದುಹೋಯಿತು. "ಕಾಲು ಮೊದಲೇ ಜಾರಿತ್ತು ಡಾಕ್ಟ್ರೆ," ಎಂದೆ.