ಏಳನೇ ನಂಬರಿನವರು

ಬೇಸಿಗೆ ಕಾಲಿಟ್ಟಿತ್ತು. ಬಿಸಿಲೇರುವ ಮೊದಲೇ ವಿಶ್ವವಿದ್ಯಾಲಯದ ಗುಲಾಬಿ ಪಾತಿಗಳಿಗೆಲ್ಲ ನೀರುಣಿಸಿ ಮುಗಿಸಬೇಕು. ಮಾಲಿ ಪೈಪು ಹಿಡಿದು ನಿಂತಿದ್ದನಾದರೂ ಅವನ ಮನಸ್ಸೆಲ್ಲ ಮೇಲಿನ ಸಭಾಂಗಣದಲ್ಲಿತ್ತು. ಹದಿನಾಲ್ಕು ವರ್ಷ ದಿನಗೂಲಿಯಲ್ಲಿ ಬೆನ್ನು ಬಗ್ಗಿಸಿದ್ದವನಿಗೆ ಇಂದು ಕಾಯಂ ಆಗುವ ಅವಕಾಶವಿತ್ತು. ಇದ್ದದ್ದು ಒಂದೇ ಮಾಲಿ ಹುದ್ದೆ.

"ಶಿಫಾರಸು ಗಿಫಾರಸು ಏನಾದ್ರೂ ಇಟ್ಕೊಂಡಿದ್ದೀಯೇನಣ್ಣ?" ಎಂದು ಗೇಟಿನ ಕಾವಲುಗಾರ ಕೆಣಕಿದ. ಅವನೂ ಅರ್ಜಿ ಹಾಕಿದ್ದ. ಗಿಡಮರಗಳಿಗೂ ಅವನಿಗೂ ಇದ್ದ ನಂಟೆಂದರೆ ಮಧ್ಯಾಹ್ನದ ನೆರಳು ಮಾತ್ರ.

"ಈ ಸಲ ಅದೆಲ್ಲ ನಡೆಯಲ್ವಂತೆ ಕಣಯ್ಯಾ. ಸಮಾನಾವಕಾಶ ವಿಭಾಗಕ್ಕೆ ಹೊಸ ಮೇಡಂ ಬಂದಿದ್ದಾರೆ."

ಮೇಡಂ ತಿಂಗಳುಗಟ್ಟಲೆ ಕೂತು ನಿಯಮ ಬರೆದಿದ್ದರು. ಹೆಸರು ಕೇಳಿದರೆ ಮನೆತನ ತಿಳಿಯುತ್ತದೆ. ಆದ್ದರಿಂದ ಬರೀ ನಂಬರು. ಮುಖ ಕಂಡರೆ ವಯಸ್ಸು ತಿಳಿಯುತ್ತದೆ; ಆದ್ದರಿಂದ ತಲೆಯಿಂದ ಮೊಣಕಾಲಿನವರೆಗೆ ಗೋಣಿಚೀಲ. ದನಿ ಕೇಳಿದರೆ ಹೆಣ್ಣೋ ಗಂಡೋ ತಿಳಿಯುತ್ತದೆ. ಆದ್ದರಿಂದ ಮಾತೇ ಇಲ್ಲ. ಕೈಗೆ ಗವಸು.

ಮಾಲಿಗೆ ಚೀಟಿಯಲ್ಲಿ ಏಳು ಬಂತು. ಹನ್ನೊಂದು ಗೋಣಿಚೀಲಗಳು ಸಭಾಂಗಣದಲ್ಲಿ ಸಂತೆಗೆ ಹೊರಟ ಆಲೂಗಡ್ಡೆಯ ಹಾಗೆ ಸಾಲುಗಟ್ಟಿದವು. ಪ್ರತಿಯೊಂದರ ಮುಂದೂ ಒಂದು ಗುಲಾಬಿ ಗಿಡ, ಒಂದು ಕತ್ತರಿ.

ಆಯ್ಕೆ ಸಮಿತಿಯ ಅಧ್ಯಕ್ಷರಿಗೆ ತಟ್ಟನೆ ಕಳವಳವಾಯಿತು. "ಅಲ್ಲ ಮೇಡಂ, ಕೆಲಸ ಬಲ್ಲವರಿಗೆ ಇದು ಸುಲಭ ಆಗಿಬಿಡುತ್ತಲ್ಲ?"

"ಹೌದಲ್ವೇ! ಅದೂ ಭೇದಭಾವಾನೇ," ಎಂದು ಮೇಡಂ ಹಣೆ ಚಚ್ಚಿಕೊಂಡರು. "ಚೀಲದಲ್ಲಿರೋ ಕಣ್ಣಿನ ತೂತುಗಳನ್ನ ಹೊಲಿಸಿಬಿಡಿ."

ಹೊಲಿದದ್ದಾಯಿತು. ಕತ್ತರಿಗಳು ಕುರುಡುಕುರುಡಾಗಿ ಆಡತೊಡಗಿದವು. ಒಂದು ಚೀಲ ತನ್ನ ಪಕ್ಕದ ಚೀಲವನ್ನೇ ಸವರಿತು. ಕಾವಲುಗಾರನ ಗೊರಕೆಯಿದ್ದ ಚೀಲ ಅಲ್ಲಾಡಲೇ ಇಲ್ಲ. ಇನ್ನೊಂದು ಕತ್ತರಿಗೆ ಅಧ್ಯಕ್ಷರ ಟೈ ಸಿಕ್ಕಿತು. ಮಾಲಿಯ ಬೆರಳುಗಳು ಮಾತ್ರ ಗವಸಿನೊಳಗಿಂದಲೇ ಗೆಣ್ಣು ಹುಡುಕಿ, ಒಣಕಡ್ಡಿ ತೆಗೆದು, ಚಿಗುರಿನ ನೆತ್ತಿಯಲ್ಲಿ ಓರೆಯಾಗಿ ಕತ್ತರಿಸುತ್ತಾ ಹೋದವು.

"ಏಳನೇ ನಂಬರು!" ಎಂದು ಅಧ್ಯಕ್ಷರು ಕೂಗಿದರು. ಅದರಲ್ಲಿ ಎರಡು ಮಾತಿರಲಿಲ್ಲ.

ಮಾಲಿ ಚೀಲ ಕಿತ್ತೆಸೆದ. "ಮೇಡಂ, ಅದು ನಾ..."

ಮೇಡಂ ಎರಡೂ ಕಿವಿ ಮುಚ್ಚಿಕೊಂಡರು. "ಅಯ್ಯೋ, ಹೇಳ್ಬೇಡಿ! ಗುರುತು ಹೇಳ್ಕೊಂಡೋರು ಅನರ್ಹರು. ನಾನೇನೂ ಕೇಳಿಸ್ಕೊಂಡಿಲ್ಲಪ್ಪಾ."

"ಹೇಳ್ದೆ ಇದ್ರೆ ಕೆಲಸಕ್ಕೆ ಸೇರೋದು ಹೇಗೆ ತಾಯಿ?"

"ಅದನ್ನ ಅವರು ನೋಡ್ಕೋತಾರೆ. ಅವರು ಯಾರು ಅಂತ ನಮಗೂ ಗೊತ್ತಾಗಬಾರದು ಅಂತ ಚೀಟಿಗಳನ್ನೂ ಸುಟ್ಟುಬಿಟ್ಟಿದ್ದೀವಿ."

ಸಂಜೆಯ ಹೊತ್ತಿಗೆ ಏಳನೇ ನಂಬರಿನವರ ಕಾಯಂ ಆದೇಶ ಫಲಕವೇರಿತು. ಮಾಲಿ ಅದರ ಮುಂದೆ ಮಿಕಮಿಕ ನೋಡುತ್ತಾ ನಿಂತ. ಮೇಡಂ ಬಂದು ಅವನ ಹೆಗಲು ತಟ್ಟಿದರು.

"ಬೇಜಾರು ಮಾಡ್ಕೋಬೇಡಿ. ಅವರು ಬಂದು ಸೇರೋ ತನಕ ದಿನಗೂಲಿಯಲ್ಲೇ ಅವರ ಕೆಲಸ ನೋಡ್ಕೊಳ್ಳಿ."

ನಾಲ್ಕು ಮೆಟ್ಟಿಲಿಳಿದವರು ಏನೋ ನೆನಪಾದಂತೆ ತಿರುಗಿ ನಿಂತರು.

"ಆಮೇಲೆ, ಅವರು ಬಂದಾಗ ಹೊಸಬರು ಅಂತ ತಾತ್ಸಾರ ಮಾಡ್ಬೇಡಿ, ಆಯ್ತಾ? ಇಲ್ಲಿ ಎಲ್ಲರೂ ಸಮಾನರು."